ಬೀರುವಿನ ರಿಜಿಸ್ಟರು, ಧರ್ಮಪುರಿಯ ಕಂಬ, ಏರ್ಕಾಡಿನ ನೆನಪಿನ ಕಲ್ಲು



ಈಸ್ಟರ್ ಕಳೆದ ಮೇಲಿನ ಒಂದು ಭಾನುವಾರ ಬಲಿಪೂಜೆ ಮುಗಿಸಿ ನಾವು ಕುರ್ಚಿಗಳನ್ನು ಎತ್ತಿಡುತ್ತಿದ್ದೆವು. ಬೆಂಗಳೂರಿನಿಂದ ಒಬ್ಬ ಹಿರಿಯರು ಹೆಂಡತಿಯ ಜೊತೆ ಬಂದರು. ಅವರ ಅಜ್ಜ ನಮ್ಮೂರಿನ ಕಡೆಯವರಂತೆ. ಹೆಸರು ರಾಯಪ್ಪ. ಜ್ಞಾನಸ್ನಾನ ಇದೇ ದೇವಾಲಯದಲ್ಲಿ ಆಗಿತ್ತೆಂದು ಮನೆಯಲ್ಲಿ ಹೇಳುತ್ತಿದ್ದರಂತೆ. ಅದರ ದಾಖಲೆ ಏನಾದರೂ ಸಿಗಬಹುದಾ ಎಂದು ಕೇಳಿದರು. ಫಾದರ್ ಬೀರುವಿನ ಬೀಗದ ಕೈ ನಮ್ಮ ಕೈಗೆ ಕೊಟ್ಟರು.

ಒಂದು ಗಂಟೆ ಹುಡುಕಿದೆವು. ರಾಯಪ್ಪ ಎಂಬ ಹೆಸರೇ ಇಲ್ಲ. ಹಳೇ ಉಪದೇಶಿಯವರ ಹೆಂಡತಿ, ನಾವೆಲ್ಲ ಅಜ್ಜಿ ಎಂದು ಕರೆಯುವವರು, ಜಗಲಿಯಲ್ಲಿ ಕೂತು ನಮ್ಮ ಗಡಿಬಿಡಿ ನೋಡುತ್ತಿದ್ದರು. ಕೊನೆಗೆ ತಡೆಯಲಾರದೆ ಕೇಳಿದರು: "ಅಲ್ಲ ಮಕ್ಕಳಾ, ಆ ಕಾಲದ ಸಾಮಿಯಾರು ರಾಯಪ್ಪ ಅಂತ ಬರೀತಿದ್ರಾ? ಲತೀನಲ್ಲಿ ಬರೀತಿದ್ರು. ಪೇತ್ರುಸ್ ಅಂತ ನೋಡಿ."

ಹತ್ತು ನಿಮಿಷದಲ್ಲಿ ಸಿಕ್ಕಿತು. ಅಪ್ಪನ ಹೆಸರು ಸರಿಯಾಗಿತ್ತು, ವರ್ಷವೂ ಹೊಂದುತ್ತಿತ್ತು. ಆದರೆ ಆ ಸಾಲಿನ ಕೊನೆಯಲ್ಲಿ, ಊರಿನ ಹೆಸರು ಇರಬೇಕಾದ ಜಾಗದ ಮೇಲೆ, ಅಗಲವಾದ ಹಳದಿ ಪಟ್ಟಿ. ಸೆಲೋಟೇಪು. ಆರು ವರ್ಷದ ಹಿಂದೆ "ಹಳೇ ಪುಸ್ತಕ ರಿಪೇರಿ" ಎಂದು ಉತ್ಸಾಹದಿಂದ ಅಂಟಿಸಿದವರು ಬೇರೆ ಯಾರೂ ಅಲ್ಲ, ನಾವೇ. ತುದಿಯನ್ನು ಮೆಲ್ಲಗೆ ಎತ್ತಿದರೆ ಟೇಪಿನ ಜೊತೆಗೆ ಶಾಯಿಯೂ ಎದ್ದು ಬಂತು. "ಇರಲಿ ಬಿಡಪ್ಪಾ, ಹೆಸರಾದರೂ ಸಿಕ್ಕಿತಲ್ಲ" ಎಂದರು ಆ ಹಿರಿಯರು. ಆದರೆ ಅವರು ಅಷ್ಟು ದೂರದಿಂದ ಬಂದದ್ದು ಹೆಸರಿಗಲ್ಲ, ಊರಿಗೆ. ಹೆಸರು ಅವರಿಗೆ ಮೊದಲೇ ಗೊತ್ತಿತ್ತು.

ಅಂದಿನಿಂದ ನಮ್ಮ ಗುಂಪಿನಲ್ಲಿ ಒಂದು ಪ್ರಶ್ನೆ ಓಡಾಡುತ್ತಿದೆ. ಸೇಲಂ, ಧರ್ಮಪುರಿ ಭಾಗದ ಹಳೇ ಕಾಗದ, ಹಳೇ ಕಲ್ಲುಗಳನ್ನು ಇದುವರೆಗೆ ಯಾರು ಉಳಿಸಿದರು, ಹೇಗೆ ಉಳಿಸಿದರು, ಈಗ ಅವು ಎಲ್ಲಿವೆ? ಮೂರು ತಿಂಗಳು ಓದಿ, ಕೇಳಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ರಿಜಿಸ್ಟರಿನ ವಿಷಯ. ಮದುವೆಗಳನ್ನು ಪುಸ್ತಕದಲ್ಲಿ ಬರೆದಿಡಬೇಕೆಂದು ಟ್ರೆಂಟ್ ಮಹಾಸಭೆ 1563ರಲ್ಲಿ ನಿಯಮ ಮಾಡಿತು. ಜ್ಞಾನಸ್ನಾನ, ಮದುವೆ, ಮರಣದ ದಾಖಲೆಗಳನ್ನು ಹೇಗೆ ಬರೆಯಬೇಕೆಂಬ ಮಾದರಿಯನ್ನು 1614ರ ರೋಮನ್ ವಿಧಿಪುಸ್ತಕ ಕೊಟ್ಟಿತು. ಲೋಕದ ಎಲ್ಲ ಕಥೋಲಿಕ ದೇವಾಲಯಗಳಲ್ಲೂ ರಿಜಿಸ್ಟರು ಒಂದೇ ತರಹ ಕಾಣುವುದು ಇದರಿಂದ. ಭಾಷೆ ಲತೀನು. ಮನೆಯಲ್ಲಿ ರಾಯಪ್ಪ ಎಂದು ಕರೆದರೆ ಪುಸ್ತಕದಲ್ಲಿ ಪೇತ್ರುಸ್. ಚಿನ್ನಪ್ಪ ಪೌಲುಸ್ ಆಗುತ್ತಾನೆ, ಚೌರಪ್ಪ ಕ್ಸಾವೇರಿಯುಸ್, ಇನ್ನಾಸಪ್ಪ ಇಗ್ನಾತಿಯುಸ್. ತಮಿಳು ಮಾತನಾಡುವ ಮನೆಯ ಹೆಸರುಗಳಿಗೂ ಇದೇ ಕಥೆ. ಈ ಕೀಲಿ ಗೊತ್ತಿಲ್ಲದವನಿಗೆ ಬೀರುವಿನ ಬಾಗಿಲು ತೆರೆದಿದ್ದರೂ ಒಳಗಿನದು ಮುಚ್ಚಿಯೇ ಇರುತ್ತದೆ. ಆ ಕೀಲಿ ಈಗ ನಮ್ಮೂರಿನಲ್ಲಿ ಇಬ್ಬರು ಮೂವರು ಅಜ್ಜಿಯರ ತಲೆಯಲ್ಲಿದೆ.

ಇನ್ನೂ ಹಳೇ ಕಾಗದಗಳು ಬೇಕೆಂದರೆ ದೂರ ಹೋಗಬೇಕು. ಇಟಲಿಯ ಯೇಸುಸಭೆ ಗುರು ಲಿಯೊನಾರ್ಡೊ ಚಿನ್ನಮಿ ಶ್ರೀರಂಗಪಟ್ಟಣದಲ್ಲಿ ಮೈಸೂರು ಮಿಷನ್ ಆರಂಭಿಸಿದ್ದು 1648ರ ಸುಮಾರಿಗೆ. ಅವರೂ ಅವರ ಜೊತೆಯವರೂ ಕನ್ನಡ ಕಲಿತು, ಕನ್ನಡದಲ್ಲೇ ಬೋಧಿಸಿದರು. ವರ್ಷ ವರ್ಷ ಅವರು ಬರೆದ ಪತ್ರಗಳು ಸೇರಿದ್ದು ರೋಮಿನ ಯೇಸುಸಭೆ ಭಂಡಾರಕ್ಕೆ. ಫಾದರ್ ಫೆರೋಲಿ ಅವರು ಆ ಪತ್ರಗಳನ್ನೆಲ್ಲ ಓದಿ ಮೈಸೂರಿನ ಯೇಸುಸಭೆಯವರ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ಪ್ರಕಟಿಸಿದ್ದು 1955ರಲ್ಲಿ. 1773ರಲ್ಲಿ ಪೋಪರು ಯೇಸುಸಭೆಯನ್ನೇ ರದ್ದು ಮಾಡಿದಾಗ ಈ ಕಡೆಯ ಕೆಲಸ ಪ್ಯಾರಿಸ್ ಮಿಷನ್ನಿನ ಗುರುಗಳ ಕೈಗೆ ಬಂತು, ಅವರ ಪತ್ರಗಳು ಪ್ಯಾರಿಸ್ಸಿಗೆ ಹೋದವು. ಆಮೇಲೆ ಪಾಂಡಿಚೇರಿ, ಕುಂಭಕೋಣಂ ಮೊದಲಾದ ಧರ್ಮಪ್ರಾಂತ್ಯಗಳ ಭಾಗಗಳಿಂದ 1930ರಲ್ಲಿ ಸೇಲಂ ಧರ್ಮಪ್ರಾಂತ್ಯ ಆಯಿತು. 1997ರಲ್ಲಿ ಅದರಿಂದ ಧರ್ಮಪುರಿ ಬೇರೆಯಾಯಿತು. ಸರ್ಕಾರದ ಗಡಿಯೂ ಹಾಗೆಯೇ: 1965ರಲ್ಲಿ ಸೇಲಂನಿಂದ ಧರ್ಮಪುರಿ ಜಿಲ್ಲೆ, 2004ರಲ್ಲಿ ಧರ್ಮಪುರಿಯಿಂದ ಕೃಷ್ಣಗಿರಿ. ನಾವು ಕೂತಲ್ಲೇ ಕೂತಿದ್ದೇವೆ, ಕಾಗದ ಮಾತ್ರ ಊರೂರು ಸುತ್ತಿದೆ.

ಕಾಗದಕ್ಕಿಂತ ಕಲ್ಲು ವಾಸಿ ಎಂದು ಅನ್ನಿಸಬಹುದು. ಕಲ್ಲಾದರೂ ಇದ್ದಲ್ಲೇ ಇರುತ್ತದಲ್ಲ! ಹಾಗೆಂದುಕೊಂಡೇ ನಾವು ಧರ್ಮಪುರಿಯ ಶಾಸನಗಳ ಕಡೆ ತಿರುಗಿದೆವು.

ಧರ್ಮಪುರಿಯ ಹಳೇ ಹೆಸರು ತಗಡೂರು. ಶಾಲೆಯಲ್ಲಿ ತಮಿಳು ಪಾಠದಲ್ಲಿ ಅದಿಯಮಾನ್, ಔವೈಯಾರ್ ಕಥೆ ಓದಿದವರಿಗೆಲ್ಲ ಈ ಹೆಸರು ಗೊತ್ತು. ನಮಗೆ ಗೊತ್ತಿಲ್ಲದಿದ್ದದ್ದು ಏನೆಂದರೆ, ಇದೇ ತಗಡೂರಿನಲ್ಲಿ 9ನೇ ಶತಮಾನದ ಕನ್ನಡ ಶಾಸನಗಳು ಸಿಕ್ಕಿವೆ. ಹೆಂಜೇರಿನಿಂದ, ಅಂದರೆ ಈಗ ಆಂಧ್ರದಲ್ಲಿರುವ ಹೇಮಾವತಿಯಿಂದ ಆಳುತ್ತಿದ್ದ ನೊಳಂಬರ ಕಾಲ ಅದು. ಅವುಗಳಲ್ಲಿ ಒಂದು, ಕಂಬದ ಮೇಲೆ ಕೆತ್ತಿದ್ದು, ಶಕ ವರ್ಷ 815ರದ್ದು, ಎಂದರೆ ಕ್ರಿ.ಶ. 893. ರಾಜ ಮಹೇಂದ್ರ ನೊಳಂಬ. ನಿಧಿಯಣ್ಣ, ಚಂದಿಯಣ್ಣ ಎಂಬ ಇಬ್ಬರು ಅಣ್ಣತಮ್ಮಂದಿರು, ವ್ಯಾಪಾರಿಯ ಮಕ್ಕಳು, ತಗಡೂರಿನಲ್ಲಿ ಒಂದು ಜೈನ ಬಸದಿ ಕಟ್ಟಿಸುತ್ತಾರೆ. ರಾಜನಿಂದ ಮೂಲಪಳ್ಳಿ ಎಂಬ ಹಳ್ಳಿಯನ್ನು ಪಡೆದ ನಿಧಿಯಣ್ಣ ಅದನ್ನು ಕನಕಸೇನ ಸಿದ್ಧಾಂತ ಭಟಾರ ಎಂಬ ಮುನಿಗಳಿಗೆ ಒಪ್ಪಿಸುತ್ತಾನೆ. ಏಕೆ? ಬಸದಿಯ ಪೂಜೆಗೆ, ಮತ್ತೆ ರಿಪೇರಿಗೆ.

ಇದನ್ನು ಓದಿದಾಗ ನಮ್ಮ ಗುಂಪಿನಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಕಟ್ಟುವುದು ಎಲ್ಲರಿಗೂ ಇಷ್ಟ. ಹೊಸ ಗವಿ, ಹೊಸ ಗಂಟೆಗೋಪುರ, ಹೊಸ ಮೈಕ್ ಸೆಟ್ ಎಂದರೆ ನಮ್ಮಲ್ಲೂ ದುಡ್ಡು ಬರುತ್ತದೆ. ಕಟ್ಟಿದ ದಿನವೇ ರಿಪೇರಿಗೆ ಒಂದು ಹಳ್ಳಿಯ ಆದಾಯ ಎತ್ತಿಟ್ಟವರು ಧರ್ಮಪುರಿಯಲ್ಲಿ ಸಾವಿರದ ನೂರು ವರ್ಷದ ಹಿಂದೆ ಇದ್ದರು. ನಮ್ಮ ಬೀರುವಿಗೆ ಗೆದ್ದಲು ಔಷಧಿ ಹೊಡೆಸಲು 600 ರೂಪಾಯಿ ಎತ್ತುವುದಕ್ಕೆ ನಮಗೆ ಎರಡು ಮೀಟಿಂಗ್ ಬೇಕಾಯಿತು.

ಆ ಕಂಬದ ಮಾತು ನಮ್ಮವರೆಗೆ ಬಂದದ್ದು ಹೇಗೆ? ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ, ಅಕ್ಷರ ಅಕ್ಷರ ಬಿಡಿಸಿ, ಎಪಿಗ್ರಾಫಿಯಾ ಇಂಡಿಕಾದ 10ನೇ ಸಂಪುಟದಲ್ಲಿ ಅಚ್ಚು ಹಾಕಿಸಿದ್ದರಿಂದ. ಇಲ್ಲೊಂದು ಗಡಿಯ ಕಥೆಯೂ ಇದೆ. ಮೈಸೂರು ಸೀಮೆಯ ಶಾಸನಗಳನ್ನು ಬಿ.ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕಾ ಎಂಬ 12 ಸಂಪುಟಗಳಲ್ಲಿ ತಂದರು. ಅವರು ಬೆಂಗಳೂರಿನಲ್ಲೇ ಹುಟ್ಟಿದವರು, ಲಂಡನ್ ಮಿಷನ್ನಿನ ಪಾದ್ರಿಯೊಬ್ಬರ ಮಗ. ಆದರೆ ಧರ್ಮಪುರಿ ಮದ್ರಾಸ್ ಪ್ರಾಂತ್ಯದಲ್ಲಿ ಇದ್ದುದರಿಂದ ಇಲ್ಲಿನ ಕನ್ನಡ ಕಲ್ಲುಗಳು ರೈಸ್ ಅವರ ಸಂಪುಟಗಳಿಗೆ ಸೇರಲಿಲ್ಲ. ಮದ್ರಾಸ್ ಪ್ರಾಂತ್ಯದ ಕನ್ನಡ ಶಾಸನಗಳಿಗೆಂದೇ ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್ ಸಾಲಿನ 9ನೇ ಸಂಪುಟ ಬರಲು 1939ರವರೆಗೆ ಕಾಯಬೇಕಾಯಿತು. ಕನ್ನಡದ ಕಡೆಯವರ ಪಟ್ಟಿಯಲ್ಲಿ ನಾವು ತಮಿಳುನಾಡು, ತಮಿಳಿನ ಕಡೆಯವರ ಪಟ್ಟಿಯಲ್ಲಿ ನಾವು ಕನ್ನಡ. ಗಡಿಯಲ್ಲಿ ಬದುಕುವವರಿಗೆ ಇದು ಹೊಸದೇನಲ್ಲ ಬಿಡಿ.

ಧರ್ಮಪುರಿ ಪಟ್ಟಣದ ಪುರಾತತ್ವ ಮ್ಯೂಸಿಯಂಗೆ ಒಮ್ಮೆಯಾದರೂ ಹೋಗಿ ಬನ್ನಿ. ದನಗಳನ್ನು ಕಾಯಲು ಹೋಗಿ ಸತ್ತವರು, ಊರಿನ ಜಗಳದಲ್ಲಿ ಬಿದ್ದವರು, ಹೀಗೆ ಸಾಲು ಸಾಲು ವೀರಗಲ್ಲುಗಳು. ತಮಿಳಿನಲ್ಲಿ ನಡುಕಲ್ ಎನ್ನುತ್ತಾರೆ. ಬಸ್ ಸ್ಟ್ಯಾಂಡಿನಿಂದ ದೂರವಿಲ್ಲ, ಆದರೂ ನಮ್ಮ ಗುಂಪಿನ 14 ಜನರಲ್ಲಿ ಮೊದಲೇ ಹೋಗಿದ್ದವರು ಒಬ್ಬರೇ. ಅವರೂ ಮಳೆ ಬಂತೆಂದು ಒಳಗೆ ಹೋದವರು.

1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಸುಲ್ತಾನನಿಂದ ಬಾರಾಮಹಲ್ ಕಂಪನಿಯ ಕೈಗೆ ಹೋಯಿತು. ಅದನ್ನು ನೋಡಿಕೊಳ್ಳಲು ಬಂದ ಕ್ಯಾಪ್ಟನ್ ರೀಡ್, ಅವರ ಕೆಳಗೆ ಧರ್ಮಪುರಿಯಲ್ಲಿ ಇದ್ದ ಥಾಮಸ್ ಮನ್ರೋ, ಇವರೆಲ್ಲ ಹೊಲ, ಬೆಳೆ, ಜಾತಿ, ಸುಂಕ ಎಂದು ಕಂಡದ್ದನ್ನೆಲ್ಲ ಬರೆದಿಟ್ಟರು. ಕಂದಾಯ ವಸೂಲಿಗಾಗಿ ಬರೆದದ್ದು, ನಮಗಾಗಿ ಅಲ್ಲ. ಆದರೂ ಆ ಕಾಗದಗಳನ್ನು ಮದ್ರಾಸ್ ಸರ್ಕಾರ 1907ರಿಂದ "ಬಾರಾಮಹಲ್ ರೆಕಾರ್ಡ್ಸ್" ಎಂದು ಭಾಗ ಭಾಗವಾಗಿ ಅಚ್ಚು ಹಾಕಿಸಿತು. ನಮ್ಮ ಮುತ್ತಜ್ಜನ ಮುತ್ತಜ್ಜ ಯಾವ ಬೆಳೆ ಬೆಳೆಯುತ್ತಿದ್ದ ಎಂದು ತಿಳಿಯಲು ಈಗಲೂ ಅದೇ ಗತಿ.

ಇನ್ನು ಏರ್ಕಾಡು. ನಾವೆಲ್ಲ ಅಲ್ಲಿಗೆ ಪಿಕ್ನಿಕ್ ಹೋಗಿದ್ದೇವೆ. ಬೋಟಿಂಗ್ ಮಾಡಿ, ಲೇಡೀಸ್ ಸೀಟ್ ಹತ್ತಿರ ಫೋಟೋ ತೆಗೆಸಿಕೊಂಡು, ಬಜ್ಜಿ ತಿಂದು ಬಂದಿದ್ದೇವೆ. ಅಲ್ಲಿನ ಹೋಲಿ ಟ್ರಿನಿಟಿ ಚರ್ಚಿನ ಆವರಣದಲ್ಲಿ ಒಂದು ನೆನಪಿನ ಕಲ್ಲು ಇದೆ, ರಾಬರ್ಟ್ ಬ್ರೂಸ್ ಫೂಟ್ ಅವರದ್ದು. ಭಾರತದಲ್ಲಿ ಮನುಷ್ಯ ಎಷ್ಟು ಹಳಬ ಎಂಬ ಪ್ರಶ್ನೆಗೆ ಮೊದಲ ಉತ್ತರ ಕೈಯಲ್ಲಿ ಹಿಡಿದು ತೋರಿಸಿದವರು ಇವರು.

ಫೂಟ್ 1834ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿ, 1858ರಲ್ಲಿ ಭಾರತೀಯ ಭೂವಿಜ್ಞಾನ ಇಲಾಖೆ ಸೇರಿದರು. ಕೆಲಸ ಬಂಡೆಗಳ ನಕ್ಷೆ ಮಾಡುವುದು. 1863ರ ಮೇ 30ರಂದು ಮದ್ರಾಸಿನ ಹತ್ತಿರ ಪಲ್ಲಾವರದಲ್ಲಿ ಜಲ್ಲಿಕಲ್ಲಿನ ಗುಂಡಿಯೊಂದರಲ್ಲಿ ಅವರಿಗೆ ಒಂದು ಕಲ್ಲು ಸಿಕ್ಕಿತು. ತಾನಾಗಿ ಒಡೆದ ಕಲ್ಲಲ್ಲ, ಯಾರೋ ಬೇಕೆಂದು ಕೆತ್ತಿದ ಕೈಕೊಡಲಿ. ಅದೇ ವರ್ಷ ಅತ್ತಿರಂಪಾಕ್ಕಂನಲ್ಲಿ ಇನ್ನೂ ಹೆಚ್ಚು ಸಿಕ್ಕವು. ಅಲ್ಲಿಂದ ಮುಂದೆ ಬಂಡೆ ನೋಡಲು ಹೋದಲ್ಲೆಲ್ಲ ಆಯುಧಗಳನ್ನೂ ಆರಿಸಿದರು. ಬಳ್ಳಾರಿಯ ಗುಡ್ಡಗಳು, ರಾಯಚೂರಿನ ಕಡೆ, ಮೈಸೂರು ಸೀಮೆ, ನಮ್ಮ ಶೇವರಾಯ್ ಬೆಟ್ಟ. ನಿವೃತ್ತಿಯ ನಂತರ ಬರೋಡಾ ಸಂಸ್ಥಾನಕ್ಕೆ, ಆಮೇಲೆ 1894ರಲ್ಲಿ ಆರಂಭವಾದ ಮೈಸೂರು ಭೂವಿಜ್ಞಾನ ಇಲಾಖೆಗೆ ಕೆಲಸ ಮಾಡಿದರು. ನೆಲೆ ನಿಂತದ್ದು ಏರ್ಕಾಡಿನಲ್ಲಿ. ಅವರ ಮಾವ ಪೀಟರ್ ಪರ್ಸಿವಲ್, ಯಾಳ್ಪಾಣದಲ್ಲಿ ಆರುಮುಗ ನಾವಲರ್ ಜೊತೆ ತಮಿಳು ಬೈಬಲ್ ಅನುವಾದ ಮಾಡಿದ ಪಾದ್ರಿ.

ಫೂಟ್ ಅವರಲ್ಲದೆ ಸೇಲಂನಲ್ಲಿ ಇದೇ ಹುಚ್ಚಿನ ಇನ್ನೊಬ್ಬರು ಇದ್ದರು. ಲಂಡನ್ ಮಿಷನ್ನಿನ ಮಾರಿಸ್ ಫಿಲಿಪ್ಸ್. ಜಿಲ್ಲೆಯ ಹಳೇ ಗೋರಿಗುಡ್ಡೆಗಳ ಬಗ್ಗೆ ಅವರು 1873ರಲ್ಲಿ ಇಂಡಿಯನ್ ಆಂಟಿಕ್ವರಿ ಪತ್ರಿಕೆಗೆ ಬರೆದರು. ಪಾದ್ರಿ ಎಂದ ಮೇಲೆ ಹಳ್ಳಿ ಹಳ್ಳಿ ನಡೆಯುತ್ತಿದ್ದರು, ನಡೆಯುವವನ ಕಣ್ಣಿಗೆ ಕಲ್ಲು ಬೀಳುತ್ತದೆ.

ಆದರೆ ಕಲ್ಲು ಆರಿಸುವವರು ಆಗ ಬಹಳ ಜನ ಇದ್ದರು. ಬೇಟೆಯ ಕೊಂಬಿನ ಹಾಗೆ ಮನೆಯ ಗೋಡೆಗೆ ಇಟ್ಟುಕೊಂಡವರು, ವಿಲಾಯತಿಗೆ ಕಳಿಸಿ ಮರೆತವರು. ಫೂಟ್ ಬೇರೆಯಾಗುವುದು ಪಟ್ಟಿಯಲ್ಲಿ. ನಾನೂರಕ್ಕೂ ಹೆಚ್ಚು ಜಾಗಗಳಿಂದ ಅವರು ತಂದ ಸಾವಿರಾರು ವಸ್ತುಗಳಿಗೆ ಒಂದೊಂದು ನಂಬರು. ಆ ನಂಬರಿನ ಎದುರು ಜಿಲ್ಲೆ, ಊರು, ಗುಡ್ಡದ ಯಾವ ಬದಿ, ಎಂಥ ಕಲ್ಲು. 1904ರಲ್ಲಿ ಆ ಸಂಗ್ರಹ ಮದ್ರಾಸ್ ಮ್ಯೂಸಿಯಂಗೆ ಸೇರಿತು. ಫೂಟ್ ತಾವೇ ಅದರ ವಿವರಪಟ್ಟಿ ಬರೆಯಲು ಕೂತರು, ವಯಸ್ಸು ಎಪ್ಪತ್ತು ದಾಟಿತ್ತು. 1912ರ ಡಿಸೆಂಬರ್ 29ರಂದು ಅವರು ಕಲ್ಕತ್ತದಲ್ಲಿ ತೀರಿಕೊಂಡರು. ಪಟ್ಟಿ ಅಚ್ಚಾಗಿದ್ದು 1914ರಲ್ಲಿ, ಅದರ ಟಿಪ್ಪಣಿಗಳು 1916ರಲ್ಲಿ. ಅಚ್ಚಾದ ಪುಸ್ತಕವನ್ನು ಅವರು ನೋಡಲಿಲ್ಲ.

ನಮ್ಮಲ್ಲಿ ಬಿಎಸ್ಸಿ ಪ್ರಾಣಿಶಾಸ್ತ್ರ ಓದಿದವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಲ್ಯಾಬಿನಲ್ಲಿ ಚೀಟಿ ಬಿದ್ದು ಹೋದ ಬಾಟಲಿಯ ಒಳಗೆ ಎಷ್ಟು ಚೆನ್ನಾದ ಮೀನಿದ್ದರೂ ಅದು ಬರೀ ಸತ್ತ ಮೀನು. ಎಲ್ಲಿ, ಯಾವಾಗ, ಯಾರು ಹಿಡಿದರು ಎಂದಿದ್ದರೆ ಮಾತ್ರ ಮಾದರಿ. ಫೂಟ್ ಅವರ ಒಂದೊಂದು ಕಲ್ಲಿಗೂ ಚೀಟಿ ಉಳಿಯಿತು. ಹಾಗಾಗಿಯೇ ನೂರು ವರ್ಷ ಕಳೆದ ಮೇಲೂ ವಿದ್ವಾಂಸರು ಅದೇ ಗುಡ್ಡಗಳಿಗೆ ಹೋಗಿ ಕೆಲಸ ಮುಂದುವರಿಸಲು ಆಯಿತು. ಶಾಂತಿ ಪಪ್ಪು ಅವರ ತಂಡ 1999ರಿಂದ ಅತ್ತಿರಂಪಾಕ್ಕಂನಲ್ಲಿ ಮತ್ತೆ ಅಗೆಯಿತು. ಅಲ್ಲಿನ ಆಯುಧಗಳು ಸುಮಾರು 15 ಲಕ್ಷ ವರ್ಷ ಹಳೆಯವು ಎಂದು 2011ರಲ್ಲಿ ಪ್ರಕಟಿಸಿತು. ಫೂಟ್ ಅವರ ಖಾಸಗಿ ಬದುಕನ್ನು ಹುಡುಕಿ ಬರೆದವರೂ ಪಪ್ಪು ಅವರೇ. ಬಳ್ಳಾರಿಯಲ್ಲಿ ರವಿ ಕೋರಿಶೆಟ್ಟರ್ ಅವರ ಶ್ರಮದಿಂದ ಆದ ಮ್ಯೂಸಿಯಂಗೆ ಫೂಟ್ ಅವರ ಹೆಸರೇ ಇದೆ: ರಾಬರ್ಟ್ ಬ್ರೂಸ್ ಫೂಟ್ ಸಂಗನಕಲ್ಲು ಪುರಾತತ್ವ ಸಂಗ್ರಹಾಲಯ. ಇನ್ನು ಆ 1914ರ ಪಟ್ಟಿ? ಸ್ಕ್ಯಾನ್ ಆಗಿ ಇಂಟರ್ನೆಟ್ಟಿನಲ್ಲಿ ಎಲ್ಲರಿಗೂ ಬಿಟ್ಟಿಯಾಗಿ ಸಿಗುತ್ತದೆ. ನಾವು ಮೊಬೈಲಿನಲ್ಲೇ ಸೇಲಂ ಜಿಲ್ಲೆಯ ಪುಟಗಳನ್ನು ತೆರೆದು ನೋಡಿದೆವು. ನಮಗೆ ಗೊತ್ತಿರುವ ಬೆಟ್ಟದ ಹೆಸರು ಅಲ್ಲಿ ಕಂಡಾಗ ಒಬ್ಬ ತಮ್ಮ ಕೂಗಿಯೇ ಬಿಟ್ಟ.

ಒಂದು ಮಾತು ಹೇಳಬೇಕು. ಕಲ್ಲುಗಳು ನಮ್ಮ ಬೆಟ್ಟದಿಂದ ಮದ್ರಾಸಿಗೆ ಹೋದವು, ಅದು ಸರಿಯಾ ಎಂದು ನಮ್ಮ ಮೀಟಿಂಗಿನಲ್ಲಿ ಜೋರು ಚರ್ಚೆ ಆಯಿತು. ಕೆಲವರು, ಅವು ಇಲ್ಲೇ ಇರಬೇಕಿತ್ತು ಎಂದರು. ಇಲ್ಲೇ ಇದ್ದಿದ್ದರೆ ರಸ್ತೆಗೆ ಜಲ್ಲಿಯಾಗುತ್ತಿತ್ತು ಎಂದರು ಉಳಿದವರು. ಬರೆಯುತ್ತಿರುವ ನಮಗೆ ಅನ್ನಿಸಿದ್ದು ಇಷ್ಟು: ಮದ್ರಾಸಿಗೆ ಹೋದದ್ದು ಅಷ್ಟು ದೊಡ್ಡ ನಷ್ಟವಲ್ಲ, ಹೋದದ್ದು ನಮಗೇ ಗೊತ್ತಿಲ್ಲದೆ ನೂರು ವರ್ಷ ಕಳೆದದ್ದು ನಷ್ಟ.

ಇದೇ ಜಗಳ ದೊಡ್ಡ ಮಟ್ಟದಲ್ಲೂ ನಡೆದಿದೆ. ಕಲ್ಲಿನ ಮೇಲೆ ಒದ್ದೆ ಕಾಗದ ಹಾಸಿ, ಬ್ರಷ್ಷಿನಿಂದ ಬಡಿದು, ಮಸಿ ತಟ್ಟಿದರೆ ಶಾಸನದ ಪಡಿಯಚ್ಚು ಸಿಗುತ್ತದೆ. ಕಲ್ಲು ಒಡೆದು ಹೋದರೂ ಕಾಗದದಲ್ಲಿ ಅಕ್ಷರ ಉಳಿಯುತ್ತದೆ. ಕೇಂದ್ರ ಪುರಾತತ್ವ ಇಲಾಖೆಯ ಶಾಸನ ವಿಭಾಗ ಇಂಥ ಪಡಿಯಚ್ಚುಗಳನ್ನು 1880ರ ದಶಕದಿಂದ ಸೇರಿಸುತ್ತಾ ಬಂದಿದೆ. ಅದರ ಕಚೇರಿ ಊಟಿಯಿಂದ ಮೈಸೂರಿಗೆ ಬಂದದ್ದು 1966ರಲ್ಲಿ. ತಮಿಳು ಶಾಸನಗಳ ಸಾವಿರಾರು ಪಡಿಯಚ್ಚುಗಳೂ ಜೊತೆಗೆ ಬಂದವು. ಅವು ಹಾಳಾಗುತ್ತಿವೆ, ಅವನ್ನು ತಮಿಳುನಾಡಿಗೆ ತರಬೇಕು ಎಂದು ಕೇಸಾಯಿತು. 2021ರ ಆಗಸ್ಟಿನಲ್ಲಿ ಮದ್ರಾಸ್ ಹೈಕೋರ್ಟಿನ ಮದುರೈ ಪೀಠ ಚೆನ್ನೈಗೆ ಕಳಿಸಿ ಎಂದು ಆದೇಶ ಕೊಟ್ಟಿತು. ಆಗ ವಾಟ್ಸಾಪಿನಲ್ಲಿ ಎರಡೂ ಕಡೆಯಿಂದ ಬಂದ ಬಿಸಿ ಬಿಸಿ ಸಂದೇಶಗಳು ನಮಗೆ ನೆನಪಿವೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು ಎಂದು ಬೆಳೆದ ನಾವು ಯಾರ ಪರ ಕೂಗುವುದು? ಆ ಕಾಗದವನ್ನು ಓದಲು ಹೋದ ವಿದ್ಯಾರ್ಥಿಗೆ ಬಾಗಿಲು ತೆಗೆಯುತ್ತಾರಾ, ಅದರ ಚಿತ್ರ ಎಲ್ಲರಿಗೂ ಸಿಗುತ್ತದಾ ಎಂದು ಕೇಳಿದವರು ಎರಡೂ ಕಡೆ ಕಡಿಮೆ.

ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಈ ವಿಷಯದಲ್ಲಿ ಒಳ್ಳೇ ದಾರಿ ಹಿಡಿದಿದ್ದಾರೆ. ಬೆಂಗಳೂರಿನ ಸುತ್ತಲಿನ ಶಾಸನಗಳನ್ನು 3ಡಿ ಸ್ಕ್ಯಾನ್ ಮಾಡಿ, ಅಕ್ಷರಗಳ ಚಿತ್ರವನ್ನು ಯಾರು ಬೇಕಾದರೂ ನೋಡುವ ಹಾಗೆ ಬಿಡುತ್ತಿದ್ದಾರೆ. ಕಲ್ಲು ಹೊಲದಲ್ಲೇ ಇರುತ್ತದೆ, ಓದು ಎಲ್ಲರಿಗೂ ತಲುಪುತ್ತದೆ. ಇನ್ನೊಂದು ಸಂಗತಿ ನಮಗೆ ಖುಷಿ ಕೊಟ್ಟಿತು. ಈ ಸೊಸೈಟಿ 1909ರಲ್ಲಿ ಹುಟ್ಟಿದ್ದು ಎಫ್.ಜೆ. ರಿಚರ್ಡ್ಸ್ ಎಂಬ ಅಧಿಕಾರಿಯಿಂದ. 1918ರ ಸೇಲಂ ಜಿಲ್ಲಾ ಗೆಜೆಟಿಯರ್ ಬರೆದವರೂ ಅವರೇ! ಮೊದಲ ವರ್ಷಗಳಲ್ಲಿ ಬಹಳ ಕಾಲ ಅದರ ಅಧ್ಯಕ್ಷರಾಗಿದ್ದವರು ಫಾದರ್ ತಬಾರ್, ಪ್ಯಾರಿಸ್ ಮಿಷನ್ನಿನ ಗುರುಗಳು. ಒಂದು ಕಾಲದಲ್ಲಿ ನಮ್ಮ ಫಾದರ್‌ಗಳಿಗೆ ಇಂಥ ಕೆಲಸಕ್ಕೂ ಪುರುಸೊತ್ತು ಇತ್ತು.

ದೂರದ ಒಂದು ಉದಾಹರಣೆ ಕೊಟ್ಟು ಮತ್ತೆ ಬೀರುವಿಗೆ ಬರುತ್ತೇವೆ. ಫೂಟ್ ಅವರ ಕಲ್ಲು ಏರ್ಕಾಡಿನಲ್ಲಿ ಇರುವ ಹಾಗೆ ಡಾರ್ಜಿಲಿಂಗಿನಲ್ಲಿ ಒಬ್ಬ ಹಂಗೇರಿಯವರ ಸಮಾಧಿ ಇದೆ. ಹೆಸರು ಕೋರೋಶಿ ಛೋಮಾ ಶಾಂದೋರ್. ತಮ್ಮ ಹಂಗೇರಿಯನ್ ಜನರ ಮೂಲ ಹುಡುಕುತ್ತಾ ಏಷ್ಯಾಕ್ಕೆ ನಡೆದು ಬಂದವರು ಲಡಾಖ್ ಸೀಮೆಯ ಮಠಗಳಲ್ಲಿ ಚಳಿಯಲ್ಲಿ ಕೂತು ಟಿಬೆಟನ್ ಕಲಿತು, 1834ರಲ್ಲಿ ಕಲ್ಕತ್ತದಲ್ಲಿ ಟಿಬೆಟನ್-ಇಂಗ್ಲಿಷ್ ನಿಘಂಟು ಪ್ರಕಟಿಸಿದರು. ಲಾಸಾಕ್ಕೆ ಹೊರಟಿದ್ದಾಗ 1842ರಲ್ಲಿ ಜ್ವರ ಬಂದು ಡಾರ್ಜಿಲಿಂಗಿನಲ್ಲಿ ತೀರಿಕೊಂಡರು. ಅವರು ತಮ್ಮ ಟಿಬೆಟನ್ ಪುಸ್ತಕಗಳನ್ನು ಕಲ್ಕತ್ತದ ಬಿಷಪ್ಸ್ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದ ಪಾದ್ರಿ ಮಲಾನ್ ಅವರಿಗೆ ಕೊಟ್ಟಿದ್ದರು. ಮಲಾನ್ ಅವನ್ನು ದಶಕಗಳ ಕಾಲ ಜೋಪಾನ ಮಾಡಿ, ಕೊನೆಗೆ ಹಂಗೇರಿಯ ವಿಜ್ಞಾನ ಅಕಾಡೆಮಿಗೆ ಒಪ್ಪಿಸಿದರು. ತಮ್ಮದಲ್ಲದ ಭಾಷೆಯ ಆ ಪುಸ್ತಕಗಳನ್ನು ಹಂಗೇರಿಯವರು ಪಟ್ಟಿ ಮಾಡಿ ಓದಲು ತೆರೆದಿಟ್ಟರು. 2009ರಲ್ಲಿ ಯುನೆಸ್ಕೋ ಅಕಾಡೆಮಿಯ ಛೋಮಾ ಸಂಗ್ರಹವನ್ನು ಲೋಕದ ನೆನಪಿನ ಪಟ್ಟಿಗೆ ಸೇರಿಸಿತು. ಇಲ್ಲಿ ನಮಗೆ ಇಷ್ಟವಾದವರು ಮಲಾನ್. ಸ್ವಂತ ಹೆಸರಿಗೆ ಏನೂ ಮಾಡದೆ, ಇನ್ನೊಬ್ಬರ ಪುಸ್ತಕಗಳನ್ನು ಒದ್ದೆಯಾಗದ ಹಾಗೆ ಇಟ್ಟು, ಸರಿಯಾದ ಕೈಗೆ ದಾಟಿಸಿದರು.

ಈಗ ಬೀರು.

ಒಬ್ಬರು ಪರಿಣತರನ್ನು ಕೇಳಿ ಕಲಿತದ್ದು ಇದು. ಸೆಲೋಟೇಪು ಬೇಡವೇ ಬೇಡ, ಅದರ ಅಂಟು ಹಳದಿಯಾಗಿ ಕಾಗದದ ಒಳಗೆ ಇಳಿಯುತ್ತದೆ. ಲ್ಯಾಮಿನೇಷನ್ ಅದಕ್ಕಿಂತ ಕೆಟ್ಟದ್ದು, ಮತ್ತೆ ಬಿಡಿಸಲು ಆಗುವುದಿಲ್ಲ. ಹರಿದ ಪುಟಕ್ಕೆ ತೆಳ್ಳನೆಯ ಜಪಾನಿ ಕಾಗದ ಮತ್ತು ಗೋಧಿ ಗಂಜಿಯ ಅಂಟು, ಅದನ್ನೂ ಕಲಿತವರೇ ಮಾಡಬೇಕು. ಹತ್ತಿರ ಪೆನ್ನು ಬೇಡ, ಪೆನ್ಸಿಲ್ ಮಾತ್ರ. ಬೀರು ಗೋಡೆಗೆ ತಾಗದ ಹಾಗೆ ಇರಲಿ, ಕೆಳಗಿನ ಅರೆ ಖಾಲಿ ಇರಲಿ, ಮಳೆಗಾಲದಲ್ಲಿ ತಿಂಗಳಿಗೆ ಒಮ್ಮೆ ತೆಗೆದು ನೋಡಿ. ಧೂಳಿಗೆ ಮೆತ್ತನೆಯ ಬ್ರಷ್ಷು. ಫೋಟೋ ತೆಗೆಯುವಾಗ ಪುಸ್ತಕವನ್ನು ಪೂರ್ತಿ ಬಿಚ್ಚಿ ಒತ್ತಬೇಡಿ, ಬೆನ್ನು ಮುರಿಯುತ್ತದೆ. ಫೋಟೋದ ಹೆಸರಲ್ಲೇ ಪುಸ್ತಕದ ನಂಬರು, ಪುಟದ ನಂಬರು ಇರಲಿ. ಇಲ್ಲದಿದ್ದರೆ ಅದೂ ಚೀಟಿ ಬಿದ್ದ ಬಾಟಲಿ.

ಫಾದರ್ ಒಪ್ಪಿಗೆ ಕೊಟ್ಟ ಮೇಲೆ ನಾವು ಶನಿವಾರ ಸಂಜೆ ಇಬ್ಬಿಬ್ಬರಾಗಿ ಕೂತು ಕೆಲಸ ಶುರು ಮಾಡಿದೆವು. ಶುರು ಮಾಡಿದ ಎರಡನೇ ವಾರಕ್ಕೇ ಕಷ್ಟ ಬಂತು. ಹಳೇ ರಿಜಿಸ್ಟರಿನಲ್ಲಿ ಜಾತಿ ಬರೆದಿದೆ. ಕೆಲವು ಮಕ್ಕಳ ಎದುರು ತಂದೆಯ ಹೆಸರಿನ ಜಾಗದಲ್ಲಿ ತಂದೆ ಗೊತ್ತಿಲ್ಲ ಎಂದು ಲತೀನಿನಲ್ಲಿ ಬರೆದಿದೆ. ಆ ಮಕ್ಕಳ ಮೊಮ್ಮಕ್ಕಳು ಈಗ ನಮ್ಮ ಪಕ್ಕದ ಬೆಂಚಿನಲ್ಲಿ ಕೂರುವವರು. ಎಲ್ಲವನ್ನೂ ಎಲ್ಲರಿಗೂ ತೆರೆದುಬಿಡಿ ಎಂದು ಮೊದಲ ದಿನ ಭಾಷಣ ಮಾಡಿದ್ದ ನಾವೇ ಸುಮ್ಮನಾದೆವು. ಇದು ನೊಳಂಬರ ಕಂಬವಲ್ಲ, ಫೂಟ್ ಅವರ ಕೊಡಲಿಯಲ್ಲ. ಇಲ್ಲಿ ತೆರೆಯುವುದೆಂದರೆ ಒಂದು ಮನೆಯ ಮರ್ಯಾದೆಯನ್ನು ಬೀದಿಗೆ ತರುವುದೂ ಆಗಬಹುದು.

ಫಾದರ್ ಜೊತೆ, ಹಿರಿಯರ ಜೊತೆ ಕೂತು ಈಗ ಹೀಗೆ ತೀರ್ಮಾನ ಆಗಿದೆ. ಎಲ್ಲ ಪುಟಗಳ ಫೋಟೋ ತೆಗೆಯುತ್ತೇವೆ, ಆದರೆ ಅವು ಧರ್ಮಕೇಂದ್ರದ ಎರಡು ಹಾರ್ಡ್ ಡಿಸ್ಕಿನಲ್ಲಿ ಮಾತ್ರ ಇರುತ್ತವೆ, ಯಾರ ಮೊಬೈಲಿನಲ್ಲೂ ಇಲ್ಲ. ನೂರು ವರ್ಷ ದಾಟಿದ ಪುಸ್ತಕಗಳಿಂದ ಹೆಸರು, ಊರು, ವರ್ಷ ಮಾತ್ರ ತೆಗೆದು ಪಟ್ಟಿ ಮಾಡುತ್ತೇವೆ. ಜಾತಿಯ ಕಾಲಂ ಪಟ್ಟಿಗೆ ಬರುವುದಿಲ್ಲ. ತಮ್ಮ ಮನೆಯವರ ದಾಖಲೆ ಕೇಳಿ ಬಂದವರಿಗೆ ಪುಟವನ್ನೇ ತೋರಿಸುತ್ತೇವೆ. ಜಾತಿಯ ಕಾಲಂ ಬಿಟ್ಟರೆ ಮುಂದೆ ಇತಿಹಾಸ ಓದುವವರಿಗೆ ಸುಳ್ಳು ಹೇಳಿದಂತೆ ಆಗುವುದಿಲ್ಲವಾ ಎಂದು ನಮ್ಮ ತಂಗಿಯೊಬ್ಬಳು ಕೇಳಿದಳು. ಆ ಪ್ರಶ್ನೆಗೆ ಇನ್ನೂ ಉತ್ತರ ಸಿಕ್ಕಿಲ್ಲ. ಮೂಲ ಪುಸ್ತಕದಲ್ಲಿ ಅದು ಹಾಗೆಯೇ ಇರುತ್ತದೆ, ಅಷ್ಟಂತೂ ನಿಜ.

ಇದುವರೆಗೆ ಎರಡು ಪುಸ್ತಕ ಮುಗಿದಿವೆ, 412 ಪುಟ. ಅಜ್ಜಿ ಪ್ರತಿ ಶನಿವಾರ ಬಂದು ಕೂರುತ್ತಾರೆ. ನಾವು ಲತೀನು ಹೆಸರು ಓದುತ್ತೇವೆ, ಅವರು ಮನೆಯ ಹೆಸರು ಹೇಳುತ್ತಾರೆ, ಒಬ್ಬರು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾರೆ. ನಡುನಡುವೆ ಕಥೆ ಶುರುವಾಗಿ ಒಂದು ಪುಟಕ್ಕೆ ಅರ್ಧ ಗಂಟೆ ಆಗುವುದೂ ಉಂಟು. ಬೆಂಗಳೂರಿನ ಆ ಹಿರಿಯರಿಗೆ ಫೋನ್ ಮಾಡಿದ್ದೆವು. ರಾಯಪ್ಪನವರ ತಂಗಿಯ ಜ್ಞಾನಸ್ನಾನ ಎರಡನೇ ಪುಸ್ತಕದಲ್ಲಿ ಸಿಕ್ಕಿದೆ. ಅಪ್ಪ ಅಮ್ಮನ ಹೆಸರು ಅದೇ. ಆ ಪುಟಕ್ಕೆ ನಾವು ಟೇಪು ಹಾಕಿರಲಿಲ್ಲ, ಊರಿನ ಹೆಸರು ಸ್ಪಷ್ಟವಾಗಿ ಕಾಣುತ್ತದೆ. ಮುಂದಿನ ತಿಂಗಳು ಬರುತ್ತೇವೆ ಎಂದಿದ್ದಾರೆ.